ಎಂಟು ಸೀಟಿನ ಲಾರಿ

ನಾನು ಗೊಡೋ ಅನ್ನುವ ಗೇಮ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಒಂದು ಸಣ್ಣ ರಿಯಲ್ ಟೈಮ್ ಸ್ಟ್ರಾಟಜಿ ಗೇಮ್ ಮಾಡುತ್ತಿದ್ದೇನೆ, ಅಂದರೆ ಸರದಿ ಕಾಯದೆ ಸೈನ್ಯಕ್ಕೆ ಆಜ್ಞೆ ಕೊಡುತ್ತಾ ಆಡುವ ಯುದ್ಧದ ಆಟ. ಕೆಲಸ ಮುಗಿಸಿ ಬಂದು ರಾತ್ರಿ ಕೂತು ಮಾಡುವುದು. ಮ್ಯಾಪ್ ದೊಡ್ಡದು, ಸೈನಿಕರ ನಡಿಗೆ ನಿಧಾನ. ಹಾಗಾಗಿ 8 ಜನ ಹಿಡಿಸುವ ಲಾರಿಯೊಂದನ್ನು ಸೇರಿಸಿದೆ. ಸೈನಿಕರನ್ನು ಒಬ್ಬೊಬ್ಬರನ್ನಾಗಿ ಹತ್ತಿಸಬೇಕು, ಎಲ್ಲರೂ ಹತ್ತಿದರಾ ಅಂತ ನೋಡಬೇಕು, ಲಾರಿ ಓಡಿಸಬೇಕು, ತಲುಪಿದ ಮೇಲೆ ಇಳಿಸಬೇಕು.

ಗೆಳೆಯನೊಬ್ಬನಿಗೆ ಆಡಲು ಕೊಟ್ಟು ಪಕ್ಕದಲ್ಲಿ ಕೂತೆ. ಎರಡು ಸಲ ಲಾರಿ ಬಳಸಿದ. ಮೂರನೇ ಸಲ ಅದನ್ನು ಅಲ್ಲೇ ಬಿಟ್ಟು, "ನಡ್ಕೊಂಡೇ ಹೋಗ್ಲಿ ಬಿಡು" ಅಂದ. ಮನಸ್ಸಿಗೆ ಚುಚ್ಚಿತು. ಲಾರಿಗೆ ಕೆಲಸ ಇರಲಿ ಅಂತಲೇ ಅಷ್ಟು ದೊಡ್ಡ ಮ್ಯಾಪ್ ಮಾಡಿದ್ದೆ.

ಆಮೇಲೆ ಹಳೆಯ ಗೇಮ್‌ಗಳನ್ನು ಮತ್ತೆ ಆಡಿ ನೋಡಿದೆ. 1998ರ ಸ್ಟಾರ್‌ಕ್ರಾಫ್ಟ್‌ನಲ್ಲಿ ಶಟಲ್ ಅನ್ನುವ ಹಾರುವ ಸಾಗಣೆ ವಾಹನ ಇದೆ, ಅದರಲ್ಲಿ ರೀವರ್ ಅನ್ನುವ ಯುದ್ಧಯಂತ್ರಗಳು ಎರಡು ಹಿಡಿಸುತ್ತವೆ. ರೀವರ್ ತೆವಳುವುದೇ ನಿಧಾನ, ಆದರೆ ಹೊಡೆತ ಭಾರಿ. ಎದುರಾಳಿಯ ಕೆಲಸಗಾರರ ಪಕ್ಕದಲ್ಲಿ ಇಳಿಸಿ, ಹೊಡೆಸಿ, ಪೆಟ್ಟು ಬೀಳುವ ಮೊದಲೇ ಮೇಲೆತ್ತಿಕೊಳ್ಳಬೇಕು. ಕೈಗೆ ಬಿಡುವೇ ಇಲ್ಲ. ಆದರೂ ಯಾರಿಗೂ ಬೇಜಾರಾಗುವುದಿಲ್ಲ, ಯಾಕೆಂದರೆ ಒಂದೊಂದು ಕ್ಲಿಕ್ಕಿನಲ್ಲೂ ಏನೋ ಪಣಕ್ಕಿರುತ್ತದೆ. 2003ರ ರೈಸ್ ಆಫ್ ನೇಷನ್ಸ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಸೈನಿಕರು ನೀರಿಗಿಳಿದರೆ ತಾವೇ ದೋಣಿಯಾಗುತ್ತಾರೆ. 2007ರ ಸುಪ್ರೀಂ ಕಮಾಂಡರ್‌ನಲ್ಲಿ ಒಮ್ಮೆ ಫೆರಿ ದಾರಿ ಹಾಕಿಬಿಟ್ಟರೆ ಸಾಕು, ವಿಮಾನಗಳು ಅಲ್ಲಿಗೆ ಬಂದವರನ್ನು ಸುಮ್ನೆ ಸಾಗಿಸುತ್ತಲೇ ಇರುತ್ತವೆ. ಮೂರೂ ಒಳ್ಳೆಯ ಗೇಮ್‌ಗಳೇ. ಹಾಗಾದರೆ ತೊಂದರೆ ಇರುವುದು ಕ್ಲಿಕ್ ಜಾಸ್ತಿ ಅನ್ನುವುದರಲ್ಲಿ ಅಲ್ಲ, ಅಲ್ವಾ?

ನನ್ನ ಲಾರಿಯ ಎಲ್ಲ ಕ್ಲಿಕ್ಕುಗಳನ್ನೂ ಒಂದು ಹಾಳೆಯಲ್ಲಿ ಬರೆದೆ. ಆಟಗಾರ ಎಲ್ಲಿ ನಿಜವಾಗಿ ಯೋಚನೆ ಮಾಡುತ್ತಾನೆ ಅಂತ ಗುರುತು ಹಾಕಿದೆ. ಹತ್ತಿಸುವಾಗ ಯೋಚನೆ ಏನೂ ಇಲ್ಲ. ಎಲ್ಲಿ, ಯಾವಾಗ ಇಳಿಸಬೇಕು ಅನ್ನುವಾಗಲೇ ಇರುವುದು.

ಹತ್ತಿಸುವುದನ್ನು ಒಂದೇ ಕ್ಲಿಕ್ಕಿಗೆ ತಂದೆ. ಇದಕ್ಕೇ ಮೂರು ವಾರ ಹಿಡಿಯಿತು. ಲಾರಿ ಸೈನಿಕರ ಕಡೆ ಬರುತ್ತದೆ, ಸೈನಿಕರು ಲಾರಿ ಕಡೆ ಓಡುತ್ತಾರೆ, ಇಬ್ಬರೂ ಒಬ್ಬರನ್ನೊಬ್ಬರು ಬೆನ್ನಟ್ಟುತ್ತಾ ಸುತ್ತುತ್ತಾರೆ. ಆಜ್ಞೆ ಕೊಟ್ಟ ಕ್ಷಣದಲ್ಲೇ ಗುಂಪಿನ ನಡುವಿನ ಜಾಗ ಲೆಕ್ಕ ಹಾಕಿ, ಅದಕ್ಕೆ ಹತ್ತಿರದ ಖಾಲಿ ಜಾಗವನ್ನು ಗೊತ್ತು ಮಾಡಿದೆ. ಆಮೇಲೆ ಆ ಜಾಗ ಬದಲಾಗುವುದಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ಕೆಟ್ಟದು: ದಾರಿಯಲ್ಲಿ ಒಬ್ಬ ಸತ್ತರೆ ಲಾರಿ ಅವನಿಗಾಗಿ ಕಾಯುತ್ತಲೇ ನಿಂತಿರುತ್ತಿತ್ತು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಅದೇ ನೆನಪಾಯಿತು. ಕ್ಲಿಕ್ ಮಾಡಿದ ಕೂಡಲೇ ಒಬ್ಬೊಬ್ಬನ ಹೆಸರಲ್ಲೂ ಒಂದು ಸೀಟು ಹಿಡಿಯುತ್ತದೆ. ಅವನು ಸತ್ತರೆ, ಅಥವಾ ಬೇರೆ ಆಜ್ಞೆ ಸಿಕ್ಕರೆ, ಸೀಟು ಬಿಡುಗಡೆ. ಹಿಡಿದ ಸೀಟೆಲ್ಲ ತುಂಬಿದ ಕೂಡಲೇ ಲಾರಿ ಹೊರಡುತ್ತದೆ.

ಇಳಿಸುವುದನ್ನೂ ತಾನಾಗಿಯೇ ಆಗುವಂತೆ ಮಾಡಿ ನೋಡಿದೆ, ಶತ್ರು ಕಂಡರೆ ಇಳಿಯಲಿ ಅಂತ. ಸೈನಿಕರು ಸೇತುವೆಯ ಮಧ್ಯದಲ್ಲೇ ಇಳಿದುಬಿಟ್ಟರು. ಅದನ್ನು ಪೂರ್ತಿ ಅಳಿಸಿಹಾಕಿದೆ. ಆ ಕ್ಷಣ ಆಟಗಾರನದ್ದು, ನಾನು ಕೈಹಾಕಬಾರದು.

ಇಳಿಯುವ ಹೊತ್ತನ್ನು ಮಾತ್ರ ತೂಗಿ ತೂಗಿ ಇಟ್ಟೆ. ಎಲ್ಲರೂ ಒಟ್ಟಿಗೆ ಇಳಿದರೆ ಲಾರಿಗೆ ಅಪಾಯವೇ ಇಲ್ಲ, ಎಲ್ಲಿ ಬೇಕಾದರೂ ನುಗ್ಗಬಹುದು. ಒಬ್ಬನಿಗೆ 1 ಸೆಕೆಂಡ್ ಇಟ್ಟಾಗ ಯಾರೂ ಶತ್ರುವಿನ ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ. ಅರ್ಧ ಸೆಕೆಂಡಿಗೆ ಸರಿಹೋಯಿತು. 8 ಜನಕ್ಕೆ 4 ಸೆಕೆಂಡ್. ಅಷ್ಟರಲ್ಲಿ ಲಾರಿ ಸಿಡಿದರೆ ಒಳಗಿದ್ದವರೂ ಹೋದರು. ಅದೇ ಬಟನ್ ಇನ್ನೊಮ್ಮೆ ಒತ್ತಿದರೆ ಇಳಿಯುವುದು ನಿಲ್ಲುತ್ತದೆ, ಉಳಿದವರನ್ನು ಹೊತ್ತು ಲಾರಿ ಓಡುತ್ತದೆ.

ಅದೇ ಗೆಳೆಯ ಮತ್ತೆ ಆಡಿದ. ಐದು ಜನ ಇಳಿದಿದ್ದರು, ತಿರುವಿನಲ್ಲಿ ಟ್ಯಾಂಕ್ ಕಾಣಿಸಿತು. ಬಟನ್ ಮೇಲೆ ಬೆರಳಿಟ್ಟು ಒಂದು ಕ್ಷಣ ತಡೆದ. ಒತ್ತಿದ. ಮೂವರನ್ನು ಹೊತ್ತು ಲಾರಿ ಹಿಂದಕ್ಕೆ ಓಡಿತು, ಐವರು ಗೋಡೆ ಮರೆಗೆ ಸರಿದರು. "ತಡಿ, ಅವರನ್ನ ಕರ್ಕೊಂಡ್ ಬರ್ತೀನಿ" ಅಂತ ಹೇಳುತ್ತಲೇ ಲಾರಿಯನ್ನು ಕಾಡಿನ ದಾರಿಗೆ ತಿರುಗಿಸಿದ.