ಡ್ರ್ಯಾಗನ್ ಪುಸ್ತಕಗಳನ್ನು ಕಿಲೋ ಲೆಕ್ಕಕ್ಕೆ ಹಾಕಬೇಡಿ

ಬೆಂಗಳೂರಲ್ಲಿ ಮನೆ ಬದಲಿಸುವಾಗ ಗೆಳೆಯನೊಬ್ಬ ಎರಡು ಡಬ್ಬ ತುಂಬ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಪುಸ್ತಕಗಳನ್ನು ಹಳೇ ಪೇಪರ್‌ನವನಿಗೆ ಹಾಕಿಬಿಟ್ಟ. ದಿನಪತ್ರಿಕೆ ಜತೆ ಅವೂ ತಕ್ಕಡಿ ಏರಿದವು. ರಟ್ಟಿಗೆ ರೇಟು ಕಡಿಮೆ ಅಂತ ಆತ ಹೊದಿಕೆ ಹರಿದು ಬೇರೆ ತೂಗಿದನಂತೆ. ಇನ್ನೊಬ್ಬಳು ಇಪ್ಪತ್ತು ಪುಸ್ತಕ ಮಂಚದ ಮೇಲೆ ಹರಡಿ, ಒಂದೇ ಫೋಟೊ ತೆಗೆದು, ‘ಬೇಕಾದವರು ಹೇಳಿ’ ಅಂತ ಗ್ರೂಪಿಗೆ ಹಾಕಿದಳು. ಒಬ್ಬ ಬಂದು ಒಳ್ಳೆಯ ಎರಡನ್ನು ಆರಿಸಿಕೊಂಡು ಹೋದ. ಉಳಿದ ಹದಿನೆಂಟು ಈಗಲೂ ಅದೇ ಮಂಚದ ಕೆಳಗಿವೆ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಹೆಚ್ಚುಕಡಿಮೆ ತಾಳಮದ್ದಳೆ ಇದ್ದ ಹಾಗೆ. ವೇಷವಿಲ್ಲ, ಕೂತಲ್ಲೇ ಪಾತ್ರ, ಮಾತೆಲ್ಲ ಆಗಿಂದಾಗ್ಗೆ ಹುಟ್ಟಿದ್ದು. ಆದರೆ ಯಾರು ಗೆದ್ದರು, ಯಾರು ಬಿದ್ದರು ಅನ್ನುವುದನ್ನು ದಾಳ ಹೇಳುತ್ತದೆ. ಅದರ ನಿಯಮ, ರಾಕ್ಷಸರು, ಕಥೆಗಳೆಲ್ಲ ದಪ್ಪ ದಪ್ಪ ಪುಸ್ತಕಗಳಲ್ಲಿ ಬರುತ್ತವೆ. ಮಕ್ಕಳಾದ ಮೇಲೆ, ಕೆಲಸ ಜಾಸ್ತಿಯಾದ ಮೇಲೆ ಆಟ ನಿಲ್ಲುತ್ತದೆ. ಪುಸ್ತಕ ಉಳಿಯುತ್ತದೆ. ಅದನ್ನು ಸರಿಯಾಗಿ ಮಾರುವುದು ಹೀಗೆ.

ಹೆಜ್ಜೆ 1: ಪಟ್ಟಿ. ಎಲ್ಲವನ್ನೂ ಕೆಳಗಿಳಿಸಿ, ದೂಳು ಒರೆಸಿ, ಹೆಸರು ಮತ್ತು ವರ್ಷ ಬರೆದುಕೊಳ್ಳಿ. ಅರ್ಧ ಗಂಟೆ ಸಾಕು.

ಹೆಜ್ಜೆ 2: ಯಾವ ಆವೃತ್ತಿ? ಜನ ಎಡವುವುದು ಇಲ್ಲಿಂದಲೇ ಶುರು. ಆಟಗಾರರ ನಿಯಮಪುಸ್ತಕ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಇದೆ ಅಂದರೆ ಏನೂ ಹೇಳಿದಂತಾಗಲಿಲ್ಲ. ಆ ಹೆಸರಿನ ಪುಸ್ತಕ 1978, 1989, 2000, 2003, 2008, 2014, 2024 – ಇಷ್ಟು ಸಲ ಬೇರೆ ಬೇರೆ ನಿಯಮಗಳೊಂದಿಗೆ ಬಂದಿದೆ. 2014ರದ್ದು 320 ಪುಟ, 2024ರದ್ದು 384. ಒಂದಕ್ಕೆ ಬದಲು ಇನ್ನೊಂದನ್ನು ಕಳಿಸಿದರೆ ಕೊಂಡವನು ಸುಮ್ನೆ ಬಿಡುತ್ತಾನಾ? ಕಾಪಿರೈಟ್ ಇರುವ ಪುಟ ತೆಗೆಯಿರಿ. ಅಲ್ಲಿ 9 8 7 6 ಅಂತ ಅಂಕಿಗಳ ಸಾಲಿದ್ದರೆ, ಅದರಲ್ಲಿ ಅತಿ ಚಿಕ್ಕ ಅಂಕಿಯೇ ನಿಮ್ಮ ಪ್ರತಿಯ ಮುದ್ರಣ ಸಂಖ್ಯೆ.

ಹಳೆಯದೆಲ್ಲ ಚಿನ್ನ ಅಂದುಕೊಳ್ಳಬೇಡಿ. ಆದರೆ ಕೆಲವು ನಿಜಕ್ಕೂ ಚಿನ್ನ. ದೇವತೆಗಳ ಬಗ್ಗೆ 1980ರಲ್ಲಿ ಬಂದ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ನೋಡಿ. ನಮ್ಮ ಇಂದ್ರ, ಅಗ್ನಿ ಎಲ್ಲರಿಗೂ ಅದರಲ್ಲಿ ಆಟಕ್ಕೆ ಬೇಕಾದ ಬಲಾಬಲದ ಅಂಕಿ ಕಟ್ಟಿದ್ದಾರೆ! ಮೊದಲು ಅಚ್ಚಾದ ಪ್ರತಿಗಳಲ್ಲಿ 144 ಪುಟ. ಆಮೇಲೆ ಎರಡು ಅಧ್ಯಾಯ ತೆಗೆದರು, 128ಕ್ಕೆ ಇಳಿಯಿತು. ಸಂಗ್ರಹಕಾರರು ಹುಡುಕುವುದು 144 ಪುಟದ್ದನ್ನು. ಹೊದಿಕೆ ನೋಡಿ ತೀರ್ಮಾನಿಸಬೇಡಿ, ಕೊನೆಯ ಪುಟದ ಸಂಖ್ಯೆ ನೋಡಿ.

ಹಳೇ ಪುಸ್ತಕಗಳ ಅಧಿಕೃತ ಮರುಮುದ್ರಣಗಳೂ ಇವೆ. ಆರ್ಡರ್ ಬಂದಾಗ ಒಂದೊಂದೇ ಪ್ರತಿ ಅಚ್ಚು ಹಾಕಿ ಕೊಡುತ್ತಾರೆ. ಓದಲು ಚೆನ್ನಾಗಿರುತ್ತವೆ, ಆದರೆ ಮೂಲ ಪ್ರತಿಯ ಬೆಲೆ ಬರುವುದಿಲ್ಲ. ಮರುಮುದ್ರಣ ಅಂತ ಹೇಳಿಯೇ ಮಾರಿ. ಕಳ್ಳಪ್ರಿಂಟ್ ಆಗಿದ್ದರೆ ಮಾರಲೇಬೇಡಿ. ತೆಳು ಕಾಗದ, ಮಂಕು ಬಣ್ಣ, ತೆರೆದರೆ ಕಿತ್ತುಬರುವ ಹಾಳೆ, ಇಷ್ಟು ಕಂಡರೆ ಅನುಮಾನ ಪಡಿ.

ಹೆಜ್ಜೆ 3: ಹಾಳೆ ಹಾಳೆ ತಿರುವಿ. ಇದನ್ನು ಯಾರೂ ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ, ಅದಕ್ಕೇ ಪೆಟ್ಟು ತಿಂದೆ.

1980ರ ಸುಮಾರಿನ ತೆಳು ಸಾಹಸ ಪುಸ್ತಕಗಳ (ಆಡಲು ಸಿದ್ಧವಾಗಿ ಬರೆದ ಕಥೆಗಳು) ಹೊದಿಕೆ ಹೊಲಿಗೆ ಇಲ್ಲದೆ ಬಿಡಿಯಾಗಿರುತ್ತದೆ. ಅದರ ಒಳಬದಿಯಲ್ಲೇ ತಿಳಿನೀಲಿ ಬಣ್ಣದ ನಕ್ಷೆ. ಹೊದಿಕೆ ಕಳೆದರೆ ನಕ್ಷೆಯೂ ಹೋಯಿತು. ಮುಂದಿನ ಕಾಲದ ಪುಸ್ತಕಗಳಲ್ಲಿ ಹಿಂಬದಿಗೆ ಅಂಟಿಸಿದ ಮಡಚುವ ನಕ್ಷೆ ಇರಬಹುದು, ಹರಿದು ತೆಗೆಯಲು ಚುಚ್ಚುಗೆರೆ ಹಾಕಿದ ಹಾಳೆ ಇರಬಹುದು. ಡಬ್ಬದಲ್ಲಿ ಬಂದ ಸೆಟ್ ಆದರೆ ದಾಳ, ಚೀಟಿ, ಕಿರುಪುಸ್ತಕ ಎಲ್ಲ ಎಣಿಸಬೇಕು. ಒಂದು ಕಾಲದಲ್ಲಿ ದಾಳದ ಅಂಕಿಗೆ ಬಣ್ಣ ತುಂಬಲು ಮೇಣದ ಕಡ್ಡಿಯನ್ನೂ ಡಬ್ಬದಲ್ಲಿ ಇಡುತ್ತಿದ್ದರು. ಆ ತುಂಡು ಕಡ್ಡಿ ಇನ್ನೂ ಇದ್ದರೆ ಕಸ ಅಂತ ಎಸೆಯಬೇಡಿ, ಫೋಟೊದಲ್ಲಿ ತೋರಿಸಿ.

ನಾನು ಒಂದು ಪುಸ್ತಕವನ್ನು ‘ಎಲ್ಲ ಸರಿಯಿದೆ’ ಅಂತ ಬರೆದು ಪುಣೆಯವರೊಬ್ಬರಿಗೆ ಮಾರಿದ್ದೆ. ನಕ್ಷೆ ಇಲ್ಲ ಅಂತ ಮೆಸೇಜ್ ಬಂತು. ನಾಚಿಕೆಯಾಗಿ ಅರ್ಧ ದುಡ್ಡು ವಾಪಸ್ ಹಾಕಿದೆ. ಎರಡು ವಾರದ ಮೇಲೆ ಅಮ್ಮನ ಹಳೇ ಪಂಚಾಂಗದ ನಡುವೆ ಆ ನಕ್ಷೆ ಸಿಕ್ಕಿತು. ನಾನೇ ಯಾವಾಗಲೋ ಸುಕ್ಕಾಗಬಾರದು ಅಂತ ಇಟ್ಟಿದ್ದೆ. ಮೂಲೆಯಲ್ಲಿ ಕಾಫಿ ಲೋಟದ ಉಂಗುರ ಬೇರೆ.

ತಿರುವುವಾಗ ಪುಸ್ತಕದ ಬೆನ್ನು ನೋಡಿ. ಮೇಜಿನ ಮೇಲೆ ನಿಲ್ಲಿಸಿ ತೆರೆದರೆ ಒಂದೇ ಜಾಗದಲ್ಲಿ ಬಾಯಿ ಬಿಡುತ್ತದೆಯಾ? ಹಾಗಾದರೆ ಅಲ್ಲಿ ಅಂಟು ಸಡಿಲ. ಸೆಲ್ಲೋ ಟೇಪ್ ಹಾಕಿ ಮುಚ್ಚಬೇಡಿ. ಸ್ವಲ್ಪ ವರ್ಷಕ್ಕೇ ಅದು ಹಳದಿಯಾಗಿ ಕಾಗದವನ್ನೂ ತಿನ್ನುತ್ತದೆ, ಹಾಕಿದವರು ಯಾರು ಅಂತಲೂ ಗೊತ್ತಾಗುತ್ತದೆ. ಆಮೇಲೆ ಮೂಸಿ ನೋಡಿ. ಮುಗ್ಗಲು ವಾಸನೆ ಇದ್ದರೆ ಬರೆಯಿರಿ. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಮಳೆಗಾಲ ಕಳೆದ ಪುಸ್ತಕವಾದರೆ ಹೊಲಿಗೆಯ ಸಂದಿಯಲ್ಲಿ ಬೂಷ್ಟು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ನುಸಿಗುಳಿಗೆ ಇಟ್ಟಿದ್ದರೆ ಅದರ ವಾಸನೆಯೂ ದೋಷವೇ.

ಪೆನ್ಸಿಲ್ ಗುರುತು, ಹೆಸರು, ಒಳಗೆ ಸಿಕ್ಕ ಹಳೇ ಪಾತ್ರದ ಹಾಳೆ (ಆಡುವವರು ತಮ್ಮ ಪಾತ್ರದ ವಿವರ ಬರೆದುಕೊಂಡದ್ದು) – ಎಲ್ಲ ಬರೆದುಕೊಳ್ಳಿ. ಪೆನ್ಸಿಲ್ ಅಳಿಸಲು ಹೋಗಬೇಡಿ, ಕಾಗದದ ಹೊಳಪು ಹೋಗುತ್ತದೆ. ಬಳಸಿದ ಪಾತ್ರದ ಹಾಳೆ ಬೇಕೇ ಅಂತ ಕೊಳ್ಳುವವರನ್ನೇ ಕೇಳಿ. ಅದೇ ಇಷ್ಟಪಡುವವರಿದ್ದಾರೆ.

ಹೆಜ್ಜೆ 4: ಕ್ಲೀನಿಂಗ್. ಎಷ್ಟು ಕಡಿಮೆ ಮಾಡಿದರೆ ಅಷ್ಟು ಒಳ್ಳೆಯದು. ಲ್ಯಾಮಿನೇಟ್ ಆದ ಹೊದಿಕೆ ಮೇಲಿನ ಬೆಲೆ ಚೀಟಿಯ ಅಂಟಿಗೆ ಹತ್ತಿಯಲ್ಲಿ ಎರಡು ಹನಿ ನೀಲಗಿರಿ ಎಣ್ಣೆ ಸಾಕು, ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿ. ಅಂಟು ತೆಗೆಯುವ ಸ್ಪ್ರೇ ತಂದು ನಾನು ಒಂದು ಡ್ರ್ಯಾಗನ್ನಿನ ಮೂಗನ್ನೇ ಅಳಿಸಿದ್ದೇನೆ. ವಾಸನೆ ಹೋಗಲು ಮುಚ್ಚಿದ ಡಬ್ಬದಲ್ಲಿ ಅಡುಗೆ ಸೋಡಾದ ಬಟ್ಟಲಿಟ್ಟು ವಾರ ಬಿಡಿ. ಹಪ್ಪಳದ ಹಾಗೆ ತಾರಸಿಯಲ್ಲಿ ಒಣಗಿಸಿದರೆ ಬಣ್ಣ ಮಾಸಿ, ರಟ್ಟು ಡೊಂಕಾಗುತ್ತದೆ.

ಹೆಜ್ಜೆ 5: ಫೋಟೊ. ಕಿಟಕಿ ಬೆಳಕು, ಫ್ಲ್ಯಾಶ್ ಬೇಡ. ಮುಂದೆ, ಹಿಂದೆ, ಬೆನ್ನು, ಮತ್ತು ದೋಷಗಳೆಲ್ಲ.

ಹೆಜ್ಜೆ 6: ಬೆಲೆ. ಯಾರೋ ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಇಬೇ ಅನ್ನುವ ಅಮೆರಿಕದ ಮಾರಾಟ ತಾಣದಲ್ಲಿ ಅದನ್ನೇ ತೋರಿಸುವ ಫಿಲ್ಟರ್ ಇದೆ. ಆದರೆ ಡಾಲರನ್ನು ಹಾಗೇ ರೂಪಾಯಿಗೆ ತಿರುಗಿಸಿದರೆ ಇಲ್ಲಿ ಯಾರೂ ಕೊಳ್ಳುವುದಿಲ್ಲ. ಈಗಲೂ ಹೊಸದು ಸಿಗುವ ಪುಸ್ತಕವಾದರೆ ಅದರ ಇವತ್ತಿನ ಬೆಲೆಯ ಅರ್ಧಕ್ಕೆ ಶುರು ಮಾಡಿ, ಚೌಕಾಸಿಗೆ ನೂರಿನ್ನೂರು ಬಿಟ್ಟುಕೊಳ್ಳಿ. 2024ರ ಹೊಸ ನಿಯಮ ಬಂದಮೇಲೆ 2014ರ ಮೂಲ ಮೂರು ಪುಸ್ತಕಗಳಿಗೆ (ಆಟಗಾರರದ್ದು, ಆಟ ನಡೆಸುವವರದ್ದು, ರಾಕ್ಷಸರದ್ದು) ಮೊದಲಿನ ಮರ್ಯಾದೆ ಇಲ್ಲ. ಆ ಮೂರನ್ನು ಬಿಡಿಸದೆ ಒಟ್ಟಿಗೇ ಕೊಡಿ, ಇದರಲ್ಲಿ ನನ್ನದು ಹಟ. ಸಾಹಸ ಪುಸ್ತಕಗಳು ಹೊಸ ನಿಯಮಕ್ಕೂ ಹೊಂದುತ್ತವೆ, ಅವನ್ನು ಬಿಡಿಬಿಡಿಯಾಗಿ ಮಾರಿ.

ಮೊದಲು ಆಡುವವರ ಗ್ರೂಪಿನಲ್ಲಿ ಕೇಳಿ. ಚರ್ಚ್ ಸ್ಟ್ರೀಟ್, ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳು ಕೊನೆಗೆ ಇರಲಿ. ಅಲ್ಲಿ ಓಡುವುದು ಕಾದಂಬರಿ, ಪಠ್ಯಪುಸ್ತಕ. ‘ಸ್ಕ್ಯಾನ್ ಮಾಡಿ ಪಿಡಿಎಫ್ ಕೂಡ ಕೊಡ್ತೀನಿ’ ಅನ್ನುವ ಆಸೆ ತೋರಿಸಬೇಡಿ, ಅದು ಕಳ್ಳತನ.

ಹೆಜ್ಜೆ 7: ದುಡ್ಡು. ದುಡ್ಡು ಬಂದ ಮೇಲೆ ಪುಸ್ತಕ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ‘ಮಿಲಿಟರಿಯಲ್ಲಿದ್ದೇನೆ, ಈ ಕೋಡ್ ಸ್ಕ್ಯಾನ್ ಮಾಡಿ’ ಅಂದವರ ಫೋನ್ ಅಲ್ಲೇ ಇಡಿ.

ಹೆಜ್ಜೆ 8: ಪ್ಯಾಕಿಂಗ್. ದಪ್ಪ ರಟ್ಟಿನ ಪುಸ್ತಕ ಸಾಯುವುದು ಮೂಲೆಯಿಂದ. ಡಬ್ಬದ ರಟ್ಟನ್ನು ಕತ್ತರಿಸಿ ನಾಲ್ಕು ಮೂಲೆಗೂ ಟೋಪಿ ಮಾಡಿ ಹಾಕಿ. ಮೊದಲು ಪ್ಲಾಸ್ಟಿಕ್ ಕವರ್, ಮಳೆ ಯಾವಾಗ ಬರುತ್ತದೋ ಗೊತ್ತಿಲ್ಲ. ಅದರ ಮೇಲೆ ಮೂಲೆಯ ಟೋಪಿ, ಬಬಲ್ ರ‍್ಯಾಪ್, ಆಮೇಲೆ ಡಬ್ಬ. ಒಳಗೆ ಅಲುಗಾಡಿದರೆ ಪತ್ರಿಕೆ ಉಂಡೆ ಮಾಡಿ ತುಂಬಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದು ಬಂದರೆ ಮತ್ತೆ ಬಿಚ್ಚಿ. ಬ್ರೌನ್ ಟೇಪ್ ಪುಸ್ತಕಕ್ಕೆ ತಾಗಲೇಬಾರದು.

ಅಂಚೆಯಲ್ಲಿ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ, ಹಳೇ ಲೆಕ್ಕದಲ್ಲಿ ಖರ್ಚು ಹೇಳಬೇಡಿ. ಡಬ್ಬ ಸಮೇತ ತೂಗಿಸಿ, ಆಮೇಲೆ ಹೇಳಿ. ರಸೀದಿಯ ಫೋಟೊ ಅವತ್ತೇ ಕಳಿಸಿ. ಡಬ್ಬ ಮುಚ್ಚುವ ಮುಂಚೆ ನಕ್ಷೆ ಒಳಗಿದೆಯಾ ಅಂತ ಇನ್ನೊಮ್ಮೆ ನೋಡಿ. ನಾನಂತೂ ಈಗ ಪಂಚಾಂಗವನ್ನೂ ಒಂದು ಸಲ ತಿರುವುತ್ತೇನೆ.