ಗುಡ್ಡ ಹತ್ತದೆ ಮೊಬೈಲಿನಲ್ಲಿ ರಿಪೋರ್ಟು: ನನ್ನ ಅನುಭವ

ಶಿರಸಿಯಲ್ಲಿ ನನ್ನದೊಂದು ಸಣ್ಣ ಲ್ಯಾಬ್. ಬರುವವರಲ್ಲಿ ಅರ್ಧಕ್ಕರ್ಧ ಘಟ್ಟದಂಚಿನ ಊರಿನವರು. ಅವರಿಗೆಲ್ಲ ಆಭಾ ಖಾತೆ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಮಾಡಿಸಿ ರಿಪೋರ್ಟು ಮೊಬೈಲಿಗೇ ಕೊಡ್ತೇನೆ ಅಂದಾಗ ಪಕ್ಕದ ಮೆಡಿಕಲ್ ಶಾಪಿನವರು ನಕ್ಕರು. "ಫೋನ್ ಮಾಡೋಕೇ ಗುಡ್ಡ ಹತ್ತೋರಿಗೆ ಆ್ಯಪ್ ಯಾಕೆ ಮಾರಾಯಾ?"

ಮೊದಲ ಮಳೆಗಾಲದಲ್ಲಿ ದುಡ್ಡು ಹೋದದ್ದೇ ಹೋದದ್ದು. ಟ್ಯಾಬ್‌ಗೆ ಸುಮಾರು 12 ಸಾವಿರ, ಸಾಫ್ಟ್‌ವೇರಿಗೆ ಅದಕ್ಕಿಂತ ಜಾಸ್ತಿ. ಲಿಂಕ್ ಕಳಿಸಿದರೆ ತೆರೆಯುವವರೇ ಇಲ್ಲ. ಕೆಲವರ ಡೇಟಾ ಪ್ಯಾಕ್ ಮುಗಿದಿರುತ್ತದೆ. ಫೈಬರ್ ಇದ್ದ ಮನೆಯಲ್ಲೂ ಕರೆಂಟ್ ಹೋದರೆ ಮುಗಿಯಿತು, ಜುಲೈಯಲ್ಲಿ ಕರೆಂಟ್ ಇರುವುದೇ ಅಪರೂಪ ಅಲ್ವಾ? ಇನ್ನು ಖಾತೆ ಮಾಡಲು ಬೇಕಾದ ಓಟಿಪಿ. ಆಧಾರ್‌ಗೆ ಕೊಟ್ಟ ನಂಬರು ಬೆಂಗಳೂರಿನ ಮಗನದು. ಅವನು ಮೀಟಿಂಗ್ ಮುಗಿಸಿ ನೋಡುವಷ್ಟರಲ್ಲಿ ಓಟಿಪಿ ಅವಧಿ ಮುಗಿದಿರುತ್ತದೆ. "ತಮಾ, ಇದೆಲ್ಲ ಯಂಗೆ ಬತ್ತಿಲ್ಲೆ" ಎಂದು ಎದ್ದು ಹೋದ ಅಜ್ಜಿಯರು ಎಷ್ಟೋ.

ಆಮೇಲೆ ಹೊಳೆಯಿತು. ಮನೆಯಲ್ಲಿ ನೆಟ್ ಯಾಕೆ ಬೇಕು? ರಿಪೋರ್ಟು ಕೇಳುವುದು ಹುಬ್ಬಳ್ಳಿ, ಮಣಿಪಾಲದ ಡಾಕ್ಟರು. ಕಾರವಾರದ ಕಡೆಯವರಾದರೆ ಗೋವಾದವರು. ಅಲ್ಲೆಲ್ಲ ನೆಟ್‌ವರ್ಕ್ ಇದೆ. ಹಾಗಾಗಿ ಎಲ್ಲ ಕೆಲಸ ನನ್ನ ಕೌಂಟರಿನಲ್ಲೇ, ನನ್ನ ವೈಫೈನಲ್ಲೇ ಮುಗಿಸತೊಡಗಿದೆ. ತಿಂಗಳಿಗೆ ಆರುನೂರರ ಆಸುಪಾಸು ಖರ್ಚು. ಆಭಾದಲ್ಲಿ ರಿಪೋರ್ಟು ಒಂದೇ ಕಡೆ ಶೇಖರವಾಗುವುದಿಲ್ಲ, ಮಾಡಿದ ಲ್ಯಾಬಿನಲ್ಲೇ ಇರುತ್ತದೆ. ನೆಟ್ ಇದ್ದಾಗ ಎಳೆದುಕೊಳ್ಳಬೇಕು. ಅದಕ್ಕೇ ರಿಪೋರ್ಟನ್ನು ಖಾತೆಗೆ ಜೋಡಿಸಿದ ತಕ್ಷಣ ಪಿಡಿಎಫ್ ಇಳಿಸಿ, ಫೋನಿನಲ್ಲಿ ಅವರೇ ಒಮ್ಮೆ ತೆರೆದು ತೋರಿಸುವವರೆಗೆ ಬಿಡುವುದಿಲ್ಲ. ಓಟಿಪಿ ರಗಳೆಯವರಿಗೆ ಬೆರಳಚ್ಚು. ಅಡಿಕೆ ಸುಲಿದು ಬೆರಳಿನ ಗೆರೆ ಸವೆದವರಿಗೆ ಇನ್ನೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಲ್ಯಾಬಿಗೆ ಬಂದರೆ ಹೇಳ್ತೇನೆ.

ಸುಮ್ನೆ ಇನ್ನೊಂದು ಪ್ರಯೋಗವೂ ಮಾಡಿದೆ. ಕೀಪ್ಯಾಡ್ ಫೋನಿಗೆ ರಿಪೋರ್ಟಿನ ಫೋಟೊ ಹಾಕಿದೆ. ಹಿಮೋಗ್ಲೋಬಿನ್ ಎಷ್ಟೆಂದು ಓದಲು ಭೂತಗನ್ನಡಿ ಬೇಕು, ಬಿಟ್ಟೆ. ಈಗ ಅಂಥವರ ಹಳೇ ಫೈಲಿನ ಒಳಬದಿಗೆ 14 ಅಂಕಿಯ ಆಭಾ ಕಾರ್ಡು ಲ್ಯಾಮಿನೇಟ್ ಮಾಡಿ ಅಂಟಿಸುತ್ತೇನೆ. ಇಪ್ಪತ್ತು ರೂಪಾಯಿ ಬೀಳುತ್ತದೆ.

ಈಗ ಹತ್ತರಲ್ಲಿ ಆರೇಳು ಮಂದಿ ಹುಬ್ಬಳ್ಳಿಯಲ್ಲಿ ಫೋನ್ ತೆಗೆದೇ ತೋರಿಸುತ್ತಾರೆ. ಕುಮಟಾದ ಲ್ಯಾಬಿನವರೊಬ್ಬರು ನೋಡಿಕೊಂಡೂ ಹೋದರು. ಉಳಿದ ತಲೆನೋವು ಅಂದರೆ ದೀಪಾವಳಿ. ಮಗ ಹೊಸ ಫೋನ್ ತರುತ್ತಾನೆ, ಇಳಿಸಿದ್ದೆಲ್ಲ ಹಳೆಯದರಲ್ಲೇ ಉಳಿಯುತ್ತದೆ. ಅವರಿಗೆ ಮತ್ತೆ ಇಳಿಸಿಕೊಡುತ್ತೇನೆ. ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.