ಕಾಕಂಬಿ, ತಗಡು, ತಾಮ್ರದ ಪೈಪು: ನನ್ನ 1991ರ ಯೂನೋಸ್ ಮತ್ತೆ ರಸ್ತೆಗಿಳಿದ ಬಗೆ

ಹೋದ ಮಾರ್ಚ್‌ನಲ್ಲಿ ನನ್ನ ಯೂನೋಸ್ ರೋಡ್‌ಸ್ಟರ್ ಕಾರು ಎಂಒಟಿ ಪಾಸಾಯಿತು. ಎಂಒಟಿ ಎಂದರೆ ಇಲ್ಲಿ ಬ್ರಿಟನ್ನಿನಲ್ಲಿ ಕಾರಿಗೆ ವರ್ಷಕ್ಕೊಮ್ಮೆ ಮಾಡಿಸಬೇಕಾದ ಪರೀಕ್ಷೆ. ಸಿಲ್, ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ತೊಲೆ, ಅದರ ಬಗ್ಗೆ ಕಾಗದದಲ್ಲಿ ಒಂದಕ್ಷರ ಇಲ್ಲ, ಎಚ್ಚರಿಕೆಯ ಟಿಪ್ಪಣಿಯೂ ಇಲ್ಲ. ಪರೀಕ್ಷೆ ಮಾಡುವವರು ಕಾರಿನ ಕೆಳಗೆ ಟಾರ್ಚ್ ಹಿಡಿದು ನಿಂತು, "ಇದನ್ನು ವೆಲ್ಡ್ ಮಾಡಿದ್ದು ಯಾರು?" ಎಂದು ಕೇಳಿದರು. ನಾನೇ ಎಂದೆ. ಇನ್ನೊಮ್ಮೆ ಟಾರ್ಚ್ ಬಿಟ್ಟು ನೋಡಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಗೆ ನಾನು ಎರಡೂವರೆ ವರ್ಷ ಕಾದಿದ್ದೆ. ಆಫೀಸಿನವರು, ಪಕ್ಕದ ಮನೆಯವರು, ಕಾರಿನ ಗೆಳೆಯರು ಎಲ್ಲರೂ ಹೇಳಿದ್ದು ಒಂದೇ ಮಾತು: ಕಂಪ್ಯೂಟರ್ ಮುಂದೆ ಕೂರುವವನು ಸಿಲ್ ವೆಲ್ಡಿಂಗ್‌ಗೆ ಕೈ ಹಾಕಬಾರದು, ಬಿಡಿಭಾಗಕ್ಕೆ ಮಾರಿಬಿಡು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯ. ಸೋದರಮಾವನದು ಟಿಂಕರಿಂಗ್ ಶೆಡ್ಡು, ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ. ಅಂಬಾಸಿಡರ್, ಪದ್ಮಿನಿ, ಮಾರುತಿ 800 ಬಿಟ್ಟರೆ ಬೇರೆ ಕಾರು ಆ ಶೆಡ್ಡಿನೊಳಗೆ ಬಂದದ್ದು ನೆನಪಿಲ್ಲ. ಆದರೆ ಗೋಡೆಯ ಮೇಲೆ ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ಹರಿದು ಅಂಟಿಸಿದ ಒಂದು ಹಾಳೆ ಇತ್ತು. ಕೆಂಪು ಬಣ್ಣದ, ಎರಡೇ ಸೀಟಿನ, ತಲೆ ಮೇಲೆ ಸೂರಿಲ್ಲದ ಮಜ್ದಾ ಎಂಎಕ್ಸ್-5. ದೀಪಗಳು ಕಪ್ಪೆಯ ಕಣ್ಣಿನ ಹಾಗೆ ಬಾನೆಟ್ ಮೇಲೆ ಎದ್ದು ನಿಂತಿದ್ದವು. 1989ರ ಫೆಬ್ರವರಿಯಲ್ಲಿ ಶಿಕಾಗೋ ಶೋನಲ್ಲಿ ಅದನ್ನು ಮೊದಲು ತೋರಿಸಿದ್ದು, ಜಪಾನಿನಲ್ಲಿ ಅದೇ ಕಾರಿಗೆ ಯೂನೋಸ್ ರೋಡ್‌ಸ್ಟರ್ ಎಂದು ಹೆಸರು, ಇದೆಲ್ಲ ನನಗೆ ತಿಳಿದದ್ದು ಬಹಳ ಆಮೇಲೆ. ಆಗ ಗೊತ್ತಿದ್ದದ್ದು ಒಂದೇ, ಆ ದೀಪಗಳನ್ನು ಒಮ್ಮೆ ನನ್ನ ಕೈಯಿಂದ ಎಬ್ಬಿಸಬೇಕು.

ಎಬ್ಬಿಸಿದ್ದು 2017ರಲ್ಲಿ. ಕೆಲಸದ ಮೇಲೆ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ಗೆ ಬಂದು ಮೂರನೇ ವರ್ಷ. ಬಕ್ಸ್‌ಟನ್‌ನಲ್ಲಿ ಒಬ್ಬರ ಬಳಿ 1991ರ ಗಾಡಿ ಇತ್ತು, ಜಪಾನಿನಿಂದ ತರಿಸಿದ್ದು, 1.6 ಎಂಜಿನ್, ಐದು ಗೇರು. 1,300 ಪೌಂಡ್ ಹೇಳಿದ್ದರು, 1,100ಕ್ಕೆ ಮುಗಿಯಿತು. ಮನೆಗೆ ತಂದದ್ದು ಕ್ಯಾಟ್ ಅಂಡ್ ಫಿಡ್ಲ್ ರಸ್ತೆಯಲ್ಲಿ, ಬಕ್ಸ್‌ಟನ್‌ನಿಂದ ಮ್ಯಾಕಲ್ಸ್‌ಫೀಲ್ಡ್‌ಗೆ. ಗಂಟೆಗೆ 50 ಮೈಲಿಯ ವೇಗಮಿತಿ ಇದೆ, ಉದ್ದಕ್ಕೂ ಕ್ಯಾಮೆರಾ. ಈ ಕಾರಿಗೆ ಅದು ಸಾಕೋ ಸಾಕು. ಗೇರ್ ಲಿವರ್ ಎರಡು ಬೆರಳಷ್ಟು ಸರಿದರೆ ಇನ್ನೊಂದು ಗೇರಿಗೆ ಬಿದ್ದಿರುತ್ತದೆ. ನಮ್ಮ ತೂಕವೆಲ್ಲ ಹಿಂದಿನ ಚಕ್ರಗಳ ಮುಂದೆಯೇ ಕೂತಿರುವುದರಿಂದ ತಿರುವಿನಲ್ಲಿ ಹಿಂಬದಿ ಏನು ಮಾಡುತ್ತಿದೆ ಎಂಬುದು ಸೊಂಟಕ್ಕೆ ಗೊತ್ತಾಗುತ್ತದೆ. ಗಾಡಿಯ ತೂಕ ಒಂದು ಟನ್ನೂ ಇಲ್ಲ. ಎದುರಿಗೆ ಬಂದ ಲಾರಿಯ ಚಕ್ರದ ನಟ್ಟು ನನ್ನ ಕಿವಿಯ ಮಟ್ಟಕ್ಕಿತ್ತು. ತುಂತುರು ಶುರುವಾದರೂ ಹುಡ್, ಅಂದರೆ ಮಡಚುವ ಬಟ್ಟೆಯ ಸೂರು, ಎಳೆಯಲಿಲ್ಲ, ವೇಗವಿದ್ದರೆ ನೀರು ತಲೆಯ ಮೇಲೆ ಹಾದುಹೋಗುತ್ತದೆ. ಮ್ಯಾಕಲ್ಸ್‌ಫೀಲ್ಡ್‌ನ ಮೊದಲ ಸಿಗ್ನಲ್‌ನಲ್ಲಿ ನಿಂತಾಗ, ಇನ್ನೂ ಕತ್ತಲಾಗಿರಲಿಲ್ಲ, ಬೇಕಂತಲೇ ಗುಂಡಿ ಒತ್ತಿದೆ. ಎರಡೂ ದೀಪ ಗಿರ್ರೆಂದು ಎದ್ದವು. ಕಣ್ಣಲ್ಲಿ ನೀರು ಬಂತು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮೂರು ವರ್ಷ ಸುಖವಾಗಿ ಓಡಿಸಿದೆ. 2020ರ ಎಂಒಟಿಯಲ್ಲಿ ಎರಡೂ ಸಿಲ್‌ಗಳ ಹಿಂತುದಿಗೆ ಸ್ಕ್ರೂಡ್ರೈವರ್ ಒಳಗೆ ಹೋಯಿತು. ಸೀಟ್ ಬೆಲ್ಟ್ ಕಟ್ಟುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ತುಕ್ಕು ತಗಡನ್ನು ಹೀಗೆ ತಿಂದಿದ್ದರೆ ಅಲ್ಲಿಗೆ ಮುಗಿಯಿತು, ಕಾರು ಫೇಲ್. ಎರಡೂ ಬದಿಗೆ ಒಂದು ಕಡೆ 1,400 ಪೌಂಡ್ ಕೇಳಿದರು, ಇನ್ನೊಂದು ಕಡೆ 1,200 ಮತ್ತು "ಬಿಚ್ಚಿದ ಮೇಲೆ ನೋಡೋಣ". ಕಾರಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಸರಿ, ನಾನೇ ಮಾಡುತ್ತೇನೆ ಎಂದು ಹೊರಟೆ.

ಮೊದಲ ತಪ್ಪು ಮೆಷಿನ್‌ನದು. ಗ್ಯಾಸ್ ಬೇಡದ, ಫ್ಲಕ್ಸ್ ವೈರಿನ ಅಗ್ಗದ ಮಿಗ್ ತಂದೆ, 110 ಪೌಂಡ್. ಮಿಗ್ ಎಂದರೆ ತಂತಿ ತಾನೇ ಹೊರಬಂದು ಕರಗುವ ವೆಲ್ಡಿಂಗ್ ಮೆಷಿನ್. ಮನೆಯ ಮುಂದೆ ಬಯಲಲ್ಲೇ ಕೆಲಸ, ಗಾಳಿಗೆ ವೆಲ್ಡನ್ನು ಕಾಯುವ ಗ್ಯಾಸ್ ಹಾರಿಹೋಗುತ್ತದೆ, ಫ್ಲಕ್ಸ್ ಆದರೆ ನಡೆಯುತ್ತದೆ ಎಂಬ ಲೆಕ್ಕಾಚಾರ. ದಪ್ಪ ಕಬ್ಬಿಣಕ್ಕೆ ಅದು ಚೆನ್ನ. 0.8 ಎಂಎಂ ಹಳೇ ತಗಡಿಗೆ ಇಟ್ಟರೆ ಸಾಸಿವೆ ಸಿಡಿದ ಹಾಗೆ ಸಿಡಿದು ಬೆರಳು ತೂರುವಷ್ಟು ತೂತು. ಒಂದು ತೂತು ಮುಚ್ಚಲು ಹೋಗಿ ಮೂರು ಮಾಡಿದೆ. ಆರು ವಾರ ಹೋಯಿತು.

ಎರಡನೆಯದು ಇನ್ನೂ ದೊಡ್ಡದು. ಮನೆ ಹಿಂದಿನ ಗ್ಯಾರೇಜು ಬಾಡಿಗೆಗೆ ಹಿಡಿದು, ಸೆಕೆಂಡ್‌ಹ್ಯಾಂಡ್ 150 ಆಂಪ್ ಗ್ಯಾಸ್ ಮಿಗ್ ತಂದೆ, 240 ಪೌಂಡ್. ಎಡ ಸಿಲ್ ಕತ್ತರಿಸಿ, ತಗಡು ಕೂರಿಸಿ, ಇಂಚಿಗೊಂದು ಹೊಲಿಗೆಯಂತೆ ವೆಲ್ಡ್ ಇಟ್ಟು, ಮೇಲೆ ಸೀಲರ್ ಬಳಿದು ಕಪ್ಪು ಬಣ್ಣ ಹೊಡೆದೆ. ನೋಡಲು ಅಚ್ಚುಕಟ್ಟು. ಎಂಒಟಿಯಲ್ಲಿ ಫೇಲ್. ತೇಪೆ ಹಾಕಿದರೆ ಸುತ್ತಲೂ ಎಡೆಬಿಡದ ವೆಲ್ಡ್ ಇರಬೇಕು, ಕಂಪನಿಯವರು ಸ್ಪಾಟ್, ಅಂದರೆ ಬಿಡಿ ಚುಕ್ಕೆಯ ವೆಲ್ಡ್, ಇಟ್ಟ ಕಡೆ ಪೂರ್ತಿ ಪ್ಯಾನೆಲ್ ಬದಲಿಸಿದರೆ ಮಾತ್ರ ಸ್ಪಾಟ್ ನಡೆಯುತ್ತದೆ. ಪರೀಕ್ಷೆ ಮಾಡಿದವರದು ಏನೂ ತಪ್ಪಿಲ್ಲ. ನಿಯಮ ಓದದೆ ಮಾಡಿದ್ದು ನಾನು. ಅದಕ್ಕಿಂತ ಕೆಟ್ಟದ್ದು ಮನೆಗೆ ಬಂದ ಮೇಲೆ ಕಂಡಿತು, ಎಡ ಬಾಗಿಲು ಕೂರುತ್ತಿಲ್ಲ. ಸೂರಿಲ್ಲದ ಗಾಡಿಗೆ ಸಿಲ್ಲೇ ಬೆನ್ನುಮೂಳೆ. ಆಸರೆ ಕೊಡದೆ ಕತ್ತರಿಸಿದ್ದರಿಂದ ಬಾಡಿ ನಡುವಲ್ಲಿ ಬಾಗಿತ್ತು. ಬಾಗಿಲ ಸಂದು ಮೇಲ್ಗಡೆ ಐದೋ ಆರೋ ಎಂಎಂ ಕಿರಿದಾಗಿತ್ತು. ಬಾಗಿದ ಮೇಲೆ ನಾನು ಅದನ್ನು ಹಾಗೇ ವೆಲ್ಡ್ ಮಾಡಿ ಭದ್ರಪಡಿಸಿದ್ದೆ.

ಆ ರಾತ್ರಿ ಮಾವನಿಗೆ ವಿಡಿಯೋ ಕಾಲ್ ಮಾಡಿದೆ. ಕಾರಿನಡಿ ಮಲಗಿ ಫೋನ್ ಹಿಡಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

"ತಗಡು ಯಾಕೆ ಕೊಳೀತು ಅಂತ ನೋಡಿದ್ಯಾ?"

"ಉಪ್ಪು ಮಾವ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರಲ್ಲ ಇಲ್ಲಿ."

"ಉಪ್ಪಾಗಿದ್ರೆ ಹೊರಗಿಂದ ತಿನ್ಬೇಕಿತ್ತು ಕಣ್ಲಾ. ಇದು ಒಳಗಿಂದ ಬಂದದೆ. ನೀರು ಎಲ್ಲಿಂದ ಬತ್ತದೆ ಅಂತ ಹುಡುಕು ಮೊದ್ಲು. ತಗಡು ಆಮೇಕೆ."

ನನಗೆ ಗೊತ್ತಿಲ್ಲದ ವಿಷಯವಲ್ಲ. ಸೀಟ್ ಬೆಲ್ಟ್ ಗೋಪುರದ ಹಿಂದೆ ಹುಡ್‌ನ ನೀರು ಇಳಿಯುವ ಡ್ರೇನ್‌ಗಳಿವೆ, ಎಲೆ ಕಸ ಕಟ್ಟಿದರೆ ನೀರು ಉಕ್ಕಿ ಸಿಲ್‌ಗೆ ಹೋಗುತ್ತದೆ, ಈ ಕಾರು ಇಟ್ಟವರೆಲ್ಲ ಹೇಳುವ ಮೊದಲ ಪಾಠವೇ ಅದು. ನಾನು ಪ್ರತಿ ವರ್ಷ ಕ್ಲೀನ್ ಮಾಡುತ್ತಿದ್ದೆ, ಕಂಪ್ರೆಸರ್ ಗಾಳಿ ಬಿಟ್ಟು. ಮಾವ ಹೇಳಿದ ಮೇಲೆ ಒಳಗಿನ ಹೊದಿಕೆ ಪೂರ್ತಿ ಕಿತ್ತು ನೋಡಿದರೆ ಬಲಗಡೆಯ ಪೈಪು ಜಾಯಿಂಟಿನಲ್ಲಿ ಕಳಚಿ ಬಿದ್ದಿದೆ. ನನ್ನ ಗಾಳಿಯೇ ಅದನ್ನು ಕಳಚಿದ್ದು. ಮೂರು ವರ್ಷದ ಮ್ಯಾಂಚೆಸ್ಟರ್ ಕಡೆಯ ಮಳೆಯನ್ನು ನಾನೇ ಸಿಲ್ ಒಳಗೆ ತುಂಬಿದ್ದೆ. ಈಗ ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ಬಳಸುತ್ತೇನೆ. ತುದಿಯನ್ನು ಬೆಂಕಿಕಡ್ಡಿಯಿಂದ ಸುಟ್ಟು ಗುಂಡಗೆ ಮಾಡಿ, ಮೇಲಿನಿಂದ ಮೆಲ್ಲಗೆ ತಿರುಗಿಸುತ್ತಾ ಇಳಿಸಬೇಕು. ತಂತಿ ಬೇಡ, ಗಾಳಿ ಬೇಡವೇ ಬೇಡ.

ಆಮೇಲೆ ಎಲ್ಲ ಮೊದಲಿಂದ. ಮಾಡಿದ ವೆಲ್ಡನ್ನೆಲ್ಲ ಗ್ರೈಂಡರ್‌ನಲ್ಲಿ ಕಿತ್ತೆ, ಎರಡು ಭಾನುವಾರ. ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ, ರ‍್ಯಾಂಪ್ ಏರಿಸಿ ನಿಲ್ಲಿಸಿದೆ. ಸ್ಟ್ಯಾಂಡ್ ಮೇಲೆ ನಿಲ್ಲಿಸಿದರೆ ಬಾಡಿ ಬೇರೆ ರೀತಿ ತೂಗುತ್ತದೆ. ಬಾಗಿಲು ಬಿಚ್ಚಿ, ಹಿಂಜ್ ಬೋಲ್ಟಿನಿಂದ ಲಾಕ್ ಬೋಲ್ಟಿನವರೆಗೆ 25 ಎಂಎಂ ಚೌಕ ಪೈಪು ಕೊಟ್ಟು, ನಡುವೆ ಥ್ರೆಡ್ ರಾಡು ಹಾಕಿ ಸಂದು ಸರಿಯಾಗುವವರೆಗೆ ತಿರುಗಿಸಿದೆ. ಒಂದೇ ಸಲಕ್ಕೆ ಬರಲಿಲ್ಲ. ದಿನಕ್ಕೆ ಕಾಲು ಸುತ್ತು, ಬಾಗಿಲು ಕಟ್ಟಿ ನೋಡುವುದು, ಮತ್ತೆ ಬಿಚ್ಚುವುದು. ಒಂಬತ್ತನೇ ದಿನ ಬಾಗಿಲು ಒಂದು ಬೆರಳ ಒತ್ತಿಗೆ ಟಕ್ ಎಂದು ಕೂತಿತು. ಬಾಗಿದ ಬಾಡಿ ಹಾಗೆ ವಾಪಸ್ ಬರುವುದಿಲ್ಲ, ಬಾಡಿಯನ್ನು ಬಿಗಿದು ಹಿಡಿಯುವ ಚೌಕಟ್ಟು (ಜಿಗ್) ಬೇಕೇ ಬೇಕು ಎಂದು ನನಗೆ ಹೇಳಿದವರು ಕಡಿಮೆಯೆಂದರೆ ನಾಲ್ಕು ಜನ. ಬರುತ್ತದೆ. ಅವಸರ ಮಾಡಬಾರದು ಅಷ್ಟೇ.

ಕರೆಂಟಿನದೊಂದು ಮಾತು. ಮನೆಯಿಂದ ಗ್ಯಾರೇಜಿಗೆ 25 ಮೀಟರ್ ಎಕ್ಸ್‌ಟೆನ್ಷನ್. ವೆಲ್ಡು ತಗಡಿಗೆ ಇಳಿಯದೆ ಮೇಲೆಯೇ ಹುಳುವಿನಂತೆ ಕೂರುತ್ತಿತ್ತು, ನನ್ನ ಕೈಯದೇ ದೋಷ ಎಂದುಕೊಂಡು ವಾರಗಟ್ಟಲೆ ಅಭ್ಯಾಸ ಮಾಡಿದೆ. ವೈರು ತೆಳುವಾಗಿತ್ತು, ಸುರುಳಿಯಲ್ಲೇ ಸುತ್ತಿಟ್ಟಿದ್ದರಿಂದ ಬಿಸಿಯೂ ಆಗುತ್ತಿತ್ತು. 2.5 ಚದರ ಎಂಎಂ ವೈರು ತಂದು ಪೂರ್ತಿ ಬಿಚ್ಚಿ ಹಾಸಿದ ದಿನವೇ ಸದ್ದು ಬದಲಾಯಿತು. ಕಾದ ಕಾವಲಿಗೆ ನೀರು ಚಿಮುಕಿಸಿದಾಗ ಬರುವ ಚುಂಯ್ ಇದೆಯಲ್ಲ, ಅದು ಒಂದೇ ಸಮ ಬರಬೇಕು. ಆ ಸದ್ದು ಬಂದರೆ ಅರ್ಧ ಗೆದ್ದ ಹಾಗೆ.

ತೂತು ಬೀಳದಂತೆ ತಡೆದದ್ದು ತಾಮ್ರ. ಪ್ಲಂಬಿಂಗ್‌ನ 22 ಎಂಎಂ ತಾಮ್ರದ ಪೈಪನ್ನು ಸುತ್ತಿಗೆಯಿಂದ ಚಪ್ಪಟೆ ಬಡಿದು ಸಂದಿನ ಹಿಂದೆ ಒತ್ತಿ ಹಿಡಿದರೆ ಕಬ್ಬಿಣ ಅದಕ್ಕೆ ಅಂಟುವುದಿಲ್ಲ, ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ. ಸೆಕೆಂಡಿಗೊಂದು ಚುಕ್ಕೆ, ಒಂದರ ಅರ್ಧದ ಮೇಲೆ ಇನ್ನೊಂದು, ನಾಲ್ಕು ಇಟ್ಟು ಇನ್ನೊಂದು ತುದಿಗೆ ಹೋಗುವುದು. ಹೀಗೆ ಸುತ್ತಿ ಬಂದರೆ ಕೊನೆಗೆ ಎಡೆಬಿಡದ ವೆಲ್ಡೇ ಆಗುತ್ತದೆ. ಅಂಗಡಿಯ ರೆಡಿ ಪ್ಯಾನೆಲ್ ಕೂರಲಿಲ್ಲವೆಂದು ಬದಿಗಿಟ್ಟು, ತಿಂಡಿ ಡಬ್ಬದ ರಟ್ಟಿನಲ್ಲಿ ನಮೂನೆ ಕತ್ತರಿಸಿ, 1.2 ಎಂಎಂ ತಗಡಿನಲ್ಲಿ ಚಿಕ್ಕ ಚಿಕ್ಕ ತುಂಡು ಮಾಡಿಕೊಂಡೆ. ಒಂದು ಬದಿಗೆ ಹದಿನೈದು ಇರಬಹುದು. ಹಿಂತುದಿಯಲ್ಲಿ ಮೂರು ಪದರ ಇದೆ, ಒಳಗಿನದನ್ನು ಬಿಟ್ಟು ಹೊರಗಿನದನ್ನಷ್ಟೇ ಮುಚ್ಚಿದರೆ ಎರಡು ವರ್ಷಕ್ಕೆ ಮತ್ತೆ ಅದೇ ಗತಿ. ಯಾವ ತುಂಡು ಮೊದಲು, ಯಾವುದು ಕೊನೆಗೆ ಎಂಬ ಕ್ರಮ ಕಂಡುಕೊಳ್ಳಲು ನನಗೆ ಬಲಬದಿ ಪೂರ್ತಿ ಬೇಕಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮೂರು ಪದರದ ಮಧ್ಯಕ್ಕೂ ತುಕ್ಕು ತಡೆಯುವ ಮೇಣ ತಲುಪಿಸುವುದು ಹೇಗೆಂಬುದನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಒಂದು ಸಲ ಬೆಂಕಿ ಹತ್ತಿತು. ಕಾರ್ಪೆಟ್ ತೆಗೆದಿದ್ದೆ, ನೆಲಕ್ಕೆ ಅಂಟಿಸಿದ ಡಾಂಬರಿನಂಥ ಪದರ ಕೆರೆದಿರಲಿಲ್ಲ. ಹೆಲ್ಮೆಟ್ ಒಳಗಿಂದ ಕಾಣುವುದಿಲ್ಲ, ವಾಸನೆಯಿಂದ ಗೊತ್ತಾಯಿತು. ಒದ್ದೆ ಗೋಣಿಚೀಲ ಪಕ್ಕದಲ್ಲೇ ಇಟ್ಟುಕೊಳ್ಳುವುದು ಶೆಡ್ಡಿನ ಅಭ್ಯಾಸ, ಅದೇ ಕಾಪಾಡಿತು.

ತುಕ್ಕು ಬಿಡಿಸುವುದರಲ್ಲಿ ಒಂದು ತಿಂಗಳು ದಾರಿ ತಪ್ಪಿದೆ, ಆದರೂ ಬೇಸರವಿಲ್ಲ. ಬಿಚ್ಚಿದ ಬ್ರಾಕೆಟ್ಟು, ಬೋಲ್ಟುಗಳನ್ನು ಮೂರು ಬಕೆಟ್‌ಗೆ ಹಾಕಿದೆ. ಒಂದರಲ್ಲಿ ಹುಣಸೆಹಣ್ಣಿನ ನೀರು, ಅಮ್ಮ ಹಿತ್ತಾಳೆ ಪಾತ್ರೆಗೆ ಹಚ್ಚುವಂಥದ್ದೇ. ಒಂದರಲ್ಲಿ ಸಿಟ್ರಿಕ್ ಆಸಿಡ್ ಪುಡಿ. ಮೂರನೆಯದರಲ್ಲಿ ಕಾಕಂಬಿ, ಒಂದಕ್ಕೆ ಒಂಬತ್ತು ಪಾಲು ನೀರು. ಇಲ್ಲಿ ಕುದುರೆ ಮೇವಿನ ಅಂಗಡಿಯಲ್ಲಿ ಕಾಕಂಬಿ ಸಿಗುತ್ತದೆ, ಆಗ ಐದು ಲೀಟರಿಗೆ ಹತ್ತೋ ಹನ್ನೊಂದೋ ಪೌಂಡು ಇತ್ತು. ಮುಚ್ಚಳ ತೆಗೆದರೆ ಕಬ್ಬು ಅರೆಯುವ ಕಾಲದ ಮಂಡ್ಯದ ಗಾಳಿಯೇ ಮೂಗಿಗೆ ಬಂತು. ಹುಣಸೆ ನಾಲ್ಕು ದಿನಕ್ಕೆ ಮೇಲಿನ ತುಕ್ಕು ಬಿಡಿಸಿತು, ಆಳಕ್ಕೆ ಇಳಿಯಲಿಲ್ಲ, ಬೂಷ್ಟು ಬಂತು. ಸಿಟ್ರಿಕ್ ಒಂದೇ ರಾತ್ರಿಯ ಕೆಲಸ, ಆದರೆ ತೊಳೆದ ಅರ್ಧ ಗಂಟೆಗೇ ಮತ್ತೆ ಕೆಂಪು. ಕಾಕಂಬಿ ಎರಡು ವಾರ ತೆಗೆದುಕೊಂಡು, ಒಳ್ಳೆಯ ಕಬ್ಬಿಣವನ್ನು ಮುಟ್ಟದೆ ಬೂದು ಬಣ್ಣಕ್ಕೆ ತಂದಿಟ್ಟಿತು. ಥ್ರೆಡ್ಡುಗಳೆಲ್ಲ ಹೊಸದರ ಹಾಗೆ. ನನ್ನ ಓಟು ಕಾಕಂಬಿಗೆ. ನಾಯಿ ಇದ್ದವರು ಬಕೆಟ್ ಮುಚ್ಚಿಡಿ.

ದುಡ್ಡಿನ ಲೆಕ್ಕ ನೆನಪಿನಿಂದ: ಎರಡು ಮೆಷಿನ್ 350, ಅಗ್ಗದ್ದನ್ನು ಮಾರಿ 60 ಬಂತು. ಗ್ಯಾಸ್ ಎರಡು ಸಲ ತುಂಬಿಸಿ, ಸಿಲಿಂಡರ್ ಡಿಪಾಸಿಟ್ ಸೇರಿ 150ರ ಆಸುಪಾಸು. ತಗಡು, ವೈರು, ಗ್ರೈಂಡರ್ ಡಿಸ್ಕ್, ಮೇಣ, ಬಣ್ಣ ಎಲ್ಲ ಸೇರಿ 200. ವ್ಯರ್ಥವಾದ ರೆಡಿ ಪ್ಯಾನೆಲ್ 70. ಗ್ಯಾರೇಜ್ ಬಾಡಿಗೆ ಸೇರಿಸಿದರೆ ಅವರು ಕೇಳಿದ 1,400 ದಾಟಿಹೋಗುತ್ತದೆ, ನಿಜ. ಆದರೆ ಮೆಷಿನ್ ನನ್ನದು, ಕೈ ನನ್ನದು. ಆಮೇಲೆ ಇಬ್ಬರು ಗೆಳೆಯರ ಗಾಡಿಯ ಸಿಲ್‌ಗಳನ್ನೂ ಮಾಡಿಕೊಟ್ಟೆ. ಅದರಲ್ಲಿ ಒಬ್ಬರು ಮೊದಲು "ಮಾರಿಬಿಡು" ಎಂದವರೇ.

ಎಂಒಟಿ ಆದ ಸಂಜೆ ಮತ್ತೆ ಕ್ಯಾಟ್ ಅಂಡ್ ಫಿಡ್ಲ್‌ಗೆ ಹೋದೆ. ಹೊಂಡಕ್ಕೆ ಬಿದ್ದರೆ ಮೊದಲು ಡ್ಯಾಶ್‌ಬೋರ್ಡ್ ನಡುಗುತ್ತಿತ್ತು, ಈಗ ಅಷ್ಟಿಲ್ಲ. ಮೇಲೆ ನಿಲ್ಲಿಸಿ ಮಾವನಿಗೆ ಫೋನ್ ಮಾಡಿದೆ, ಅಲ್ಲಿ ಆಗಲೇ ರಾತ್ರಿ ಹನ್ನೊಂದು ದಾಟಿತ್ತು. ಬಾಗಿಲು ಹಾಕಿ ತೆಗೆದು ಹಾಕಿ ತೋರಿಸು ಅಂದರು. ಹಾಕಿ ತೆಗೆದು ಹಾಕಿದೆ. "ಮಳೆ ಬಂದ್ಮೇಕೆ ಫೋನ್ ಮಾಡು," ಎಂದು ಇಟ್ಟುಬಿಟ್ಟರು.

ಮಳೆ ನಾಲ್ಕನೇ ದಿನ ಬಂತು, ಇಡೀ ರಾತ್ರಿ. ಬೆಳಿಗ್ಗೆ ಐದೂವರೆಗೆ ಕೊಡೆ ಹಿಡಿದು ಹೋಗಿ ಕಾರಿನ ಪಕ್ಕ ಮಂಡಿಯೂರಿ ಕೂತೆ. ಹಿಂದಿನ ಚಕ್ರದ ಮುಂದೆ, ಬಲಗಡೆ ಡ್ರೇನಿನಿಂದ ನೀರು ದಾರದಂತೆ ಇಳಿಯುತ್ತಿತ್ತು. ಆ ಕಡೆ ಹೋದೆ. ಎಡಗಡೆಯೂ ಇಳಿಯುತ್ತಿತ್ತು. ಕೈಯೊಡ್ಡಿ ನೋಡಿದೆ, ತಣ್ಣಗೆ, ತಿಳಿಯಾಗಿ, ಒಂದು ಚೂರೂ ಕೆಂಪಿಲ್ಲದ ನೀರು.